ಅಕ್ಕೋರ ಕಲ್ಲಿಗೆ ವಾರಸುದಾರರು ಬೇಕು

ರಾಜಾಜಿನಗರದಿಂದ ಮೈಸೂರಿಗೆ ಹೊರಡುವ ಪ್ರವಾಸದ ಬಸ್ಸು ನಾಲ್ಕು ಕಡೆ ನಿಲ್ಲುತ್ತದೆ. ಚಾಮುಂಡಿ ಬೆಟ್ಟ, ಅರಮನೆ, ಮೃಗಾಲಯ, ಕನ್ನಂಬಾಡಿ. ಇದು ನಿಮಗೆ ಗೊತ್ತು, ನೀವೂ ಆ ಬಸ್ಸು ಹತ್ತಿದವರೇ. ಬೆಟ್ಟದಲ್ಲಿ ಕಾಯಿ ಒಡೆಸಿದಿರಿ, ಜಿರಾಫೆ ನೋಡುತ್ತಾ ಪುಳಿಯೋಗರೆ ಡಬ್ಬಿ ಬಿಚ್ಚಿದಿರಿ, ಸಂಜೆ ಬಣ್ಣದ ಕಾರಂಜಿಗೆ ಬಾಯಿ ಬಿಟ್ಟಿರಿ, ಬರುವಾಗ ಮದ್ದೂರಿನಲ್ಲಿ ವಡೆ ತಿಂದು ನಿದ್ದೆ ಹೋದಿರಿ. ಈ ನಾಡಿನ ಮೊದಲ ವಿಶ್ವವಿದ್ಯಾನಿಲಯ ಹುಟ್ಟಿದ ಊರು ಅದು. ಅಲ್ಲಿನ ಹಳೆಯ ಕಾಲೇಜುಗಳು, ಚರ್ಚುಗಳು, ಗಡಿಯಾರದ ಗೋಪುರಗಳು ನಿಮ್ಮ ಕಿಟಕಿಯ ಆಚೆ ಸರಿದು ಹೋದವು. ಯಾರೂ ‘ನಿಲ್ಸಪ್ಪಾ’ ಎನ್ನಲಿಲ್ಲ.

ಒಬ್ಬರು ಎಂದರು. ಅವರ ಹೆಸರು ಶಾಂತವ್ವ.

ಮೂರನೇ ಬ್ಲಾಕಿನ ಪ್ರಾಥಮಿಕ ಶಾಲೆಯಲ್ಲಿ ಒಂದನೇ ತರಗತಿಯ ಟೀಚರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಎಷ್ಟೋ ಜನರ ಮಕ್ಕಳು, ಮಕ್ಕಳೇಕೆ, ನಿಮ್ಮಲ್ಲೇ ಹಲವರು ಅವರ ಮುಂದೆ ಸ್ಲೇಟು ಹಿಡಿದು ಕೂತವರು. ಕುಳ್ಳಗಿನ ಗಟ್ಟಿ ಹೆಂಗಸು, ಇಳಕಲ್ ಸೀರೆ, ಹಣೆಯ ಮೇಲೆ ವಿಭೂತಿ, ಅದರ ನಡುವೆ ಕಾಸಗಲ ಕುಂಕುಮ. ರಾಜ್ಯ ಒಂದಾದಾಗ ಗಂಡ ಶಂಭುಲಿಂಗಪ್ಪನವರಿಗೆ ಧಾರವಾಡದಿಂದ ವಿಧಾನಸೌಧಕ್ಕೆ ವರ್ಗವಾಯಿತು, ಇವರೂ ಬಂದರು. ಊರು ಬಿಟ್ಟರೂ ಮಾತು ಬಿಡಲಿಲ್ಲ. ‘ಟೀಚರ್, ನಮ್ಮ ಮಗು ಮನೇಲಿ ಊಟಾ ಬ್ಯಾಡ ಅನ್ನುತ್ತೆ, ನಿಮ್ಮ ಮಾತೇ ಕಲ್ತಿದೆ’ ಎಂದು ತಾಯಂದಿರು ದೂರು ತಂದರೆ, ‘ಹಸಿವಾದಾಗ ಬೇಕು ಅಂತೈತಿ, ಬಿಡ್ರಿ’ ಎಂದು ಕಳಿಸುತ್ತಿದ್ದರು.

ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದ ಮರುವರ್ಷದ ಜನವರಿ. ಶಾಂತವ್ವನವರ ಮನೆಯ ಹಿಂದಿನ ಭಾಗದಲ್ಲಿ ಬಾಡಿಗೆಗೆ ಇದ್ದವಳು ಪ್ರಭಾ, ಆಸ್ಪತ್ರೆಯಲ್ಲಿ ನರ್ಸು, ಮೈಸೂರಿನ ಕ್ರೈಸ್ತರ ಹುಡುಗಿ. ಕ್ರಿಸ್ಮಸ್ ಮುಗಿಸಿ ಊರಿಂದ ಬಂದವಳು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕೇಳಿದಳು.

“ಆಂಟಿ, ನೀವು ಧಾರವಾಡದೋರಲ್ವಾ? ನಮ್ಮ ಚರ್ಚಿನ ಗೋರಿಗಳ ಮಧ್ಯೆ ನಿಮ್ಮೂರೋರ ಕಲ್ಲೊಂದಿದೆ. ‘ಧಾರವಾಡದ ಸುಗುಣಾಬಾಯಿ, ಉಪಾಧ್ಯಾಯಿನಿ’ ಅಂತ.”

ರೊಟ್ಟಿಯ ಹಿಟ್ಟು ನಾದುತ್ತಿದ್ದ ಶಾಂತವ್ವನವರ ಕೈ ನಿಂತಿತು. “ಅವರು ಯಾವ ಕೈಲೆ ಬರೀತಿದ್ರು? ಯಾರಿಗಾದ್ರೂ ಗೊತ್ತೈತೇನು?”

“ಅಯ್ಯೋ, ಕಲ್ಲಿನ ಮೇಲೆ ಅದೆಲ್ಲಾ ಬರೀತಾರಾ ಆಂಟಿ?” ಪ್ರಭಾ ನಕ್ಕಳು. ಆಮೇಲೆ ನೆನಪಾಗಿ, “ಇರಿ, ನಮ್ಮಜ್ಜಿ ಅವರಿದ್ದ ಮಿಷನ್ ಹಾಸ್ಟೆಲಲ್ಲಿ ಅಡಿಗೆಗಿದ್ದಳು. ಎಡಗೈಲಿ ಬೋರ್ಡ್ ಮೇಲೆ ಮುತ್ತಿನ ಹಾಗೆ ಬರೆಯೋರು ಅಂತಿರ್ತಾಳೆ” ಎಂದಳು.

ಶಾಂತವ್ವ ಹಿಟ್ಟು ಬದಿಗೆ ಸರಿಸಿ, “ಅವರs, ನಮ್ಮ ಅಕ್ಕೋರು” ಎಂದರು.

ಧಾರವಾಡದಲ್ಲಿ ಶಾಂತವ್ವನಿಗೆ ನಾಲ್ಕನೇ ಇಯತ್ತೆ ಮುಗಿದ ದಿನವೇ ತಂದೆ ಶಾಲೆ ಬಿಡಿಸಿದ್ದರು. ಬೆಳೆಯುವ ಹುಡುಗಿ ಬೀದಿಯಲ್ಲಿ ಓಡಾಡಬಾರದು. ಆಗ ಅದೇ ಮಿಷನ್ ಶಾಲೆಯ ಸುಗುಣಾಬಾಯಿ ಅಕ್ಕೋರು ಬಂದು, ‘ಹುಡುಗಿ ಬರೋದು ಬ್ಯಾಡ, ನಾನs ಬರ್ತೀನಿ’ ಎಂದರು. ಅಕ್ಕೋರು ಅಂದರೆ ಆ ಕಡೆ ಹೆಣ್ಣು ಮೇಷ್ಟರು. ದಿನಾ ಸಂಜೆ ಬಂದು, ಮನೆಯ ಹೊರಗಿನ ಕಟ್ಟೆಯ ಮೇಲೆ ಕೂತು ಮೂರು ವರ್ಷ ಪಾಠ ಹೇಳಿದರು. ಹುಡುಗಿ ಏಳನೇ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಳು. ಕೊರಳಲ್ಲಿ ಲಿಂಗವಿಲ್ಲದವಳು, ಭವಿ, ಎಂದು ಅಕ್ಕೋರು ಎದ್ದು ಹೋದ ಮೇಲೆ ಅಜ್ಜಿ ಆ ಕಟ್ಟೆಯನ್ನು ಸಗಣಿ ನೀರಿನಿಂದ ಸಾರಿಸುತ್ತಿದ್ದಳು. ಅಷ್ಟು ದಿನದಲ್ಲಿ ಒಂದು ತಂಬಿಗೆ ನೀರು ಆ ಮನೆಯಿಂದ ಅಕ್ಕೋರಿಗೆ ಹೋಗಲಿಲ್ಲ. ದಿನಾ ಬೆಳಿಗ್ಗೆ ವಚನ ಹಾಡುವ ಮನೆ ಅದು. ಹಾಡಿದ್ದೇ ಬಂತು.

ಆಮೇಲೆ ಅಕ್ಕೋರಿಗೆ ಮೈಸೂರು ಕಡೆ ವರ್ಗವಾಯಿತು. ಶಾಂತವ್ವನಿಗೆ ಮದುವೆಯಾಯಿತು. ಅಕ್ಕೋರು ಎಲ್ಲಿದ್ದರು, ಎಂದು ತೀರಿಕೊಂಡರು, ಈ ಹುಡುಗಿಯ ಮನೆಯಲ್ಲಿ ಯಾರೂ ಕೇಳಲಿಲ್ಲ.

“ಆದ್ರೆ ಆಂಟಿ,” ಪ್ರಭಾ ತಡೆದು ತಡೆದು ಹೇಳಿದಳು, “ಆ ಕಲ್ಲು ತೆಗೀತಾರಂತೆ. ಹೊಸಬರನ್ನ ಹೂಳೋದಕ್ಕೆ ಜಾಗ ಇಲ್ಲ. ವಾರಸುದಾರರಿಲ್ಲದ ಹಳೇ ಗೋರಿಗಳನ್ನ ಈಸ್ಟರ್ ಒಳಗೆ ತೆಗೀತೀವಿ ಅಂತ ಸಭೆಯಲ್ಲಿ ಹೇಳಿದ್ರು. ಯಾರಾದ್ರೂ ಹೋಗಿ ನಮ್ಮೋರು ಅನ್ನಬೇಕು. ಅವರಿಗೆ ಮದುವೆ ಇಲ್ಲ, ಮಕ್ಕಳಿಲ್ಲ. ಯಾರು ಹೋಗ್ತಾರೆ?”

ಅವತ್ತು ಊಟಕ್ಕೆ ಕೂತಾಗ ಶಾಂತವ್ವ ಗಂಡನಿಗೆ ಹೇಳಿದರು. ಶಂಭುಲಿಂಗಪ್ಪನವರು ರೊಟ್ಟಿ ಮುರಿಯುತ್ತಾ, “ಯಾವುದೋ ಕಿರಿಸ್ತಾನರ ಗೋರಿ ನೋಡಾಕ ನಾ ರಜಾ ಹಾಕ್ಲೇನು? ನನಗೇನು ಆಕಿ ಕಲಿಸ್ಯಾಳ?” ಎಂದರು.

“ನಿಮ್ಮ ಮಕ್ಕಳಿಗೆ ಕಲಿಸಿದಾಕಿಗೆ ಕಲಿಸ್ಯಾಳ.”

“ಹಂಗಾರ ನೀನs ಹೋಗು.”

ಹೋಗು ಎಂದದ್ದು ಹೋಗಲಾರಳು ಎಂಬ ಧೈರ್ಯದಲ್ಲಿ. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸು ಮೆಜೆಸ್ಟಿಕ್ಕಿಗೆ ಹೋಗಿ ಒಂಟಿಯಾಗಿ ಮೈಸೂರು ಬಸ್ಸು ಹತ್ತಿದ್ದನ್ನು ನಮ್ಮ ಬಡಾವಣೆ ಕಂಡಿರಲಿಲ್ಲ. ಆದರೆ ಮಹಿಳಾ ಸಮಾಜದ ವರ್ಷದ ಪ್ರವಾಸ ಫೆಬ್ರವರಿಯಲ್ಲಿ ಹೊರಡುವುದಿತ್ತು. ಈ ಸಲ ಮೈಸೂರು ಎಂದು ಆಗಲೇ ಗೊತ್ತಾಗಿತ್ತು.

ಸಮಾಜದ ಅಧ್ಯಕ್ಷಿಣಿ ಅನಂತಲಕ್ಷ್ಮಿಯವರು. ಶಾಂತವ್ವನವರ ಎದುರು ಮನೆ. ಮಡಿ, ಹುಡಿ, ಏಕಾದಶಿ ಎಲ್ಲ ಕಟ್ಟುನಿಟ್ಟು. ಬಾಯಿ ಅದಕ್ಕಿಂತ ಕಟ್ಟುನಿಟ್ಟು. ಭಜನೆ ಮುಗಿದ ಮೇಲೆ ಪ್ರವಾಸದ ಮಾತು ಬಂದಾಗ ಶಾಂತವ್ವ ಎದ್ದು ನಿಂತರು.

“ಬೆಟ್ಟ ನೋಡೂಣು, ಅರಮನಿ ನೋಡೂಣು. ಆದರ ಆ ಊರಾಗ ಓದೂ ಮಂದಿ ಓದಿದ ಕಾಲೇಜು ಅದಾವ, ಮುಗಿಲಿಗೆ ಹತ್ತೂ ಚರ್ಚ್ ಐತಿ. ಅವನ್ನೂ ನೋಡೂಣು. ಕಡೀಕ ಒಂದು ಸಣ್ಣ ಚರ್ಚಿಗೆ ನಾ ಹೋಗಬೇಕು. ಅಲ್ಲಿ ನಮ್ಮ ಅಕ್ಕೋರ ಸಮಾಧಿ ಐತಿ. ನಾವು ಯಾರೂ ಹೋಗಲಿಲ್ಲಂದ್ರ ಅದನ್ನ ತಗದ ಒಗೀತಾರ.”

ಬಚ್ಚಿಡಲಿಲ್ಲ, ಸುತ್ತಿ ಬಳಸಲಿಲ್ಲ. ಅದೇ ಅವರ ತೊಂದರೆ.

“ಗೋರಿಗಾ?” ಅನಂತಲಕ್ಷ್ಮಿಯವರು ಹಾರ್ಮೋನಿಯಂ ಮೇಲಿದ್ದ ಕೈ ತೆಗೆದರು. “ಶಾಂತವ್ವಾ, ಮುತ್ತೈದೆಯರನ್ನ ಕರ್ಕೊಂಡು ಸ್ಮಶಾನಕ್ಕೆ ಟೂರ್ ಹೋಗೋದು ಎಲ್ಲಾದ್ರೂ ಉಂಟೇನ್ರೀ? ಬಂದ್ಮೇಲೆ ಬಸ್ಸಿನ ಸಮೇತ ಸ್ನಾನ ಮಾಡ್ಬೇಕಾಗುತ್ತೆ!”

ಹೆಂಗಸರೆಲ್ಲಾ ನಕ್ಕರು. ಶಾಂತವ್ವನವರೂ ನಕ್ಕರು. ಆಮೇಲೆ ಕೇಳಿದರು: “ಹೋದ ವರ್ಷ ಮಂತ್ರಾಲಯಕ್ಕ ಹೋಗಿದ್ವಿ ಅಲ್ರೀ. ರಾಯರ ವೃಂದಾವನಕ್ಕ ನಾನೂ ಪ್ರದಕ್ಷಿಣಿ ಹಾಕೀನಿ, ಕೈ ಮುಗದೀನಿ. ಅದರಾಗ ಯಾರು ಕುಂತಾರ್ರಿ?”

ಅನಂತಲಕ್ಷ್ಮಿಯವರು ಹಾರ್ಮೋನಿಯಂ ಮುಚ್ಚಿದರು.

“ಅದು… ಅವರು ಗುರುಗಳು ಕಣ್ರೀ. ಅದಕ್ಕೂ ಇದಕ್ಕೂ ಹೋಲಿಸ್ತಾರಾ?”

“ಇವರೂ ನಮ್ಮ ಗುರುಗಳs. ನಮ್ಮ ಕಡೆ ಗುರುವಿಗೆ ಗದ್ದುಗಿ ಅಂತೀವಿ, ನೀವು ವೃಂದಾವನ ಅಂತೀರಿ, ಅವರು ಗೋರಿ ಅಂತಾರ. ಒಳಗ ಇರೋದು ಕಲಿಸಿದವರು. ಲಿಂಗವಂತರಿಗೆ ಸೂತಕ ಇಲ್ರಿ, ನಾ ಒಳಗ ಹೋಗ್ತೀನಿ. ನಿಮಗ ಬ್ಯಾಡಂದ್ರ ಬಸ್ಸಿನಾಗ ಕುಂಡರ್ರಿ.”

ಬೇರೆ ಯಾರಾದರೂ ಆಗಿದ್ದರೆ ಅನಂತಲಕ್ಷ್ಮಿಯವರು ಆ ದಿನವೇ ಸಮಾಜದಿಂದ ಹೊರಗೆ ಹಾಕುತ್ತಿದ್ದರು. ಆದರೆ ಅವರ ಕಿರಿಯ ಮಗನಿಗೆ ಅಕ್ಷರ ಹತ್ತಿಸಿದ್ದು ಇದೇ ಶಾಂತವ್ವ. ಗೊಣಗುತ್ತಲೇ ಷರತ್ತು ಹಾಕಿದರು. ಸಣ್ಣ ಚರ್ಚು ಊಟ ಆದ ಮೇಲೆ, ಊಟಕ್ಕೆ ಮುಂಚೆ ಅಲ್ಲ. ಅಲ್ಲಿ ಅರ್ಧ ಗಂಟೆ, ಅದಕ್ಕಿಂತ ಹೆಚ್ಚಿಲ್ಲ. ಕನ್ನಂಬಾಡಿಯ ದೀಪ ಹತ್ತುವ ಹೊತ್ತಿಗೆ ಬಸ್ಸು ಅಲ್ಲಿರಬೇಕು. “ಕಾರಂಜಿ ತಪ್ಪಿತೋ, ನೋಡಿ ಆಮೇಲೆ!”

ಭಾನುವಾರ ಬೆಳಕು ಹರಿಯುವ ಮುಂಚೆ ಬಸ್ಸು ಹೊರಟಿತು. ಶಾಂತವ್ವನವರ ತೊಡೆಯ ಮೇಲೆ ಒಂದು ಕೈಚೀಲ, ಪಕ್ಕದಲ್ಲಿ ದಾರಿ ತೋರಿಸಲು ಬಂದ ಪ್ರಭಾ. ಕೆಂಗೇರಿಯಲ್ಲಿ ಡ್ರೈವರ್ ಬೆಟ್ಟಯ್ಯ ಬಸ್ಸು ನಿಲ್ಲಿಸಿ, ಇಳಿದು, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಬಂದ. “ಎಲ್ಲೆಲ್ಲಿ ನಿಲ್ಸೋದು ಅಂತ ಈಗ್ಲೇ ಹೇಳ್ಬಿಡಿ ತಾಯಿ. ಆಮೇಲೆ ದಾರೀಲಿ ಅಲ್ಲಿ ನಿಲ್ಸು ಇಲ್ಲಿ ನಿಲ್ಸು ಅಂದ್ರೆ ನನ್ ತಲೆ ಕೆಡುತ್ತೆ.” ಶಾಂತವ್ವ ಹೇಳಿದರು. “ಕಾಲೇಜಾ? ಭಾನುವಾರ ಬಾಗ್ಲಾಕಿರುತ್ತೆ ಕಣಮ್ಮ!” ಎಂದ. “ಬಾಗಲಾ ಇದ್ದ ಮ್ಯಾಲೆ ತಗಿಯಾವ ಇರ್ತಾನ” ಎಂದರು ಶಾಂತವ್ವ.

ಇದ್ದ. ಬೆಟ್ಟ, ಅರಮನೆ, ಪ್ರಾಣಿಗಳು, ಪುಳಿಯೋಗರೆ ಎಲ್ಲ ಮುಗಿಸಿ ಆ ಹಳೆಯ ಕಾಲೇಜಿನ ಮುಂದೆ ಇಳಿದಾಗ ಕಾವಲಿನವನು ಮೊದಲು ಆಗಲ್ಲ ಎಂದ. ಕಣ್ಣೆದುರು ಒಂದು ಬಸ್ಸು ತುಂಬಾ ಹೆಂಗಸರು ಸಾಲಾಗಿ ಚಪ್ಪಲಿ ಬಿಡುತ್ತಿರುವುದನ್ನು ನೋಡಿ ಗಲಿಬಿಲಿಯಾದ. “ಅಮ್ಮಾ, ಇದು ದೇವಸ್ಥಾನ ಅಲ್ಲ, ಚಪ್ಪಲಿ ಹಾಕ್ಕೊಳ್ಳಿ” ಎಂದು ಬಾಗಿಲು ತೆಗೆದ. ಎತ್ತರದ ಕಂಬಗಳು, ಮೆಟ್ಟಿಲು ಮೆಟ್ಟಿಲಾಗಿ ಏರುವ ಮರದ ಬೆಂಚುಗಳು, ಬೆಂಚಿನ ಮೇಲೆ ಬ್ಲೇಡಿನಿಂದ ಕೊರೆದ ಹುಡುಗರ ಹೆಸರುಗಳು. ಸ್ವಲ್ಪ ಹೊತ್ತು ಯಾರೂ ಕೂರಲಿಲ್ಲ. ಆಮೇಲೆ ಬಸವೇಶ್ವರನಗರದ ಹೊಸ ಮನೆಯಿಂದ ಬಂದಿದ್ದ ನೀಲಗಂಗಮ್ಮ, ಮೂರು ಮೊಮ್ಮಕ್ಕಳ ಅಜ್ಜಿ, ಮೊದಲ ಸಾಲಿನ ಬೆಂಚಿನಲ್ಲಿ ಕೂತು ಸೆರಗು ಸರಿಮಾಡಿಕೊಂಡು, “ಶಾಂತವ್ವಾ, ಪಾಠ ಶುರು ಮಾಡ್ರೀ, ನಾನು ರೆಡಿ” ಎಂದರು. ಎಲ್ಲರೂ ನುಗ್ಗಿ ಕೂತರು. ಅನಂತಲಕ್ಷ್ಮಿಯವರು ನೇರ ಪ್ರೊಫೆಸರರ ಕುರ್ಚಿಯ ಮೇಲೆ. ಆ ಹೆಂಗಸರಲ್ಲಿ ಮುಕ್ಕಾಲು ಮಂದಿ ಹೈಸ್ಕೂಲಿನ ಬಾಗಿಲು ಕಂಡವರಲ್ಲ. ಅವರ ಗಂಡಂದಿರಲ್ಲಿ ಇಬ್ಬರು ಅದೇ ಕಾಲೇಜಿನಲ್ಲಿ ಓದಿದವರು. ಮೈಸೂರಿಗೆ ಹತ್ತು ಸಲ ಹೆಂಡತಿಯನ್ನು ಕರೆತಂದು ಆನೆ ತೋರಿಸಿದ್ದರು, ಆ ಬೆಂಚು ತೋರಿಸಿರಲಿಲ್ಲ.

ಅಲ್ಲಿಂದ ಎರಡು ಗೋಪುರದ ದೊಡ್ಡ ಚರ್ಚು. ಬಣ್ಣದ ಗಾಜಿನಿಂದ ಇಳಿದ ಬೆಳಕು ಇಳಕಲ್ ಸೀರೆಗಳ ಮೇಲೆ, ಕಾಂಜೀವರಂ ಸೀರೆಗಳ ಮೇಲೆ ಬಿತ್ತು. ಸುರಂಗದಂಥ ಮೆಟ್ಟಿಲಿಳಿದು ನೆಲದ ಕೆಳಗಿನ ಸಂತಳ ಪ್ರತಿಮೆ ನೋಡಿ ಬಂದರು. ಅನಂತಲಕ್ಷ್ಮಿಯವರು ಕತ್ತೆತ್ತಿ, “ಏನ್ ಎತ್ತರ ಕಣ್ರೀ! ಧೂಳು ಹೊಡೆಯೋದು ಹೇಗೆ ಇವರು?” ಎಂದರು. ಮೇರಿಯಮ್ಮನ ಮುಂದೆ ಕೈಮುಗಿದು, “ಅಮ್ಮನೋರು ಎಲ್ಲಿದ್ರೂ ಅಮ್ಮನೋರೇ” ಎಂದು ತೀರ್ಪು ಕೊಟ್ಟರು. ಹೊರಡುವಾಗ ಬಾಗಿಲ ಪಕ್ಕದ ಕಲ್ಲಿನ ಬಟ್ಟಲಲ್ಲಿ ನೀರು ಕಂಡಿತು. ಬಲಗೈ ಗೋಕರ್ಣ ಮಾಡಿ ತೆಗೆದುಕೊಂಡು, ಮೂರು ಗುಟುಕು ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡರು.

ಪ್ರಭಾ ಓಡಿಬಂದಳು. “ಆಂಟೀ! ಅದು ಕುಡಿಯೋದಲ್ಲ. ಬೆರಳು ಅದ್ದಿ ಹಣೆಗೆ ಮುಟ್ಟಿಸ್ಕೋತಾರೆ ಅಷ್ಟೇ!”

“ತೀರ್ಥ ಅಂದ್ಮೇಲೆ ತೀರ್ಥ ಕಣೇ. ಕುಡಿದದ್ದಾಯ್ತು, ಇನ್ನೇನು ವಾಪಸ್ ಬರುತ್ತಾ?” ಎಂದರು ಅನಂತಲಕ್ಷ್ಮಿಯವರು. ಬಸ್ಸು ಹತ್ತುವವರೆಗೂ ಯಾರಿಗೂ ನಗು ತಡೆಯಲಾಗಲಿಲ್ಲ.

ಸಣ್ಣ ಚರ್ಚು ಊರಿನ ಹಳೆಯ ಭಾಗದಲ್ಲಿತ್ತು. ಹೆಂಚಿನ ಮಾಡು, ಒಂದು ಗಂಟೆ, ಹಿಂದುಗಡೆ ಕಲ್ಲಿನ ಗೋಡೆಯೊಳಗೆ ಗೋರಿಗಳು. ಅನಂತಲಕ್ಷ್ಮಿಯವರು ಗೇಟು ನೋಡಿ ಬಸ್ಸಿನಲ್ಲೇ ಉಳಿದರು. ಅರ್ಧ ಬಸ್ಸು ಅವರ ಜೊತೆ ಉಳಿಯಿತು. ಪ್ರಭಾ ದಾರಿ ತೋರಿಸುತ್ತಾ ಮುಂದೆ ನಡೆದಳು.

ಕಲ್ಲು ಮೂಲೆಯಲ್ಲಿತ್ತು. ಮೊಳಕಾಲೆತ್ತರ, ಮೇಲೊಂದು ಶಿಲುಬೆ, ಕೆಳಗೆ ಆ ಎರಡು ಸಾಲು. ಲಾಂಟಾನ ಅರ್ಧ ಮುಚ್ಚಿತ್ತು. ಶಾಂತವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಗಿಡ ಕಿತ್ತರು. ಬಾವಿಯಿಂದ ನೀರು ತಂದು ಕಲ್ಲು ತೊಳೆದರು. ಕೈಚೀಲದಿಂದ ವಿಭೂತಿ ಗಟ್ಟಿ ತೆಗೆದು ನೆನೆಸಿ, ಕಲ್ಲಿನ ಮೇಲೆ, ಶಿಲುಬೆಯ ಅಡ್ಡಕ್ಕೂ ಮೂರು ಬೆರಳೆಳೆದರು. ಬಿಲ್ವಪತ್ರೆ ಏರಿಸಿದರು. ಊದುಬತ್ತಿ ಹಚ್ಚಿದರು. ಕಾಯಿ ಒಡೆದರು. ಗುರುವಿನ ಗದ್ದುಗೆಗೆ ಹೇಗೆ ಮಾಡುತ್ತಾರೋ ಹಾಗೆ. ಅವರಿಗೆ ಗೊತ್ತಿದ್ದ ಗೌರವ ಅದೊಂದೇ.

ಕಾಯಿಯ ಸದ್ದಿಗೆ ಚರ್ಚಿನ ಆಳು ದೇವಸಹಾಯ ಓಡಿಬಂದ. “ಏನಮ್ಮಾ ಇದು! ಶಿಲುಬೆಗೆ ಬೂದಿ ಹಚ್ಚಿದ್ದೀರಾ? ಅಯ್ಯೋ ದೇವರೇ!” ಅವನ ಕೂಗಿಗೆ ಒಳಗಿದ್ದ ಹಿರಿಯರೊಬ್ಬರು ಕೊಡೆ ಊರಿಕೊಂಡು ಬಂದರು. ಚರ್ಚಿನ ಸಭೆಯ ಲೆಕ್ಕ, ಜಾಗ ಎಲ್ಲ ನೋಡಿಕೊಳ್ಳುವವರು ಅವರೇ.

“ಇದೇನು ಗುಡಿ ಅಂದ್ಕೊಂಡ್ರಾ?” ಹಿರಿಯರು ಕೊಡೆ ಎತ್ತಿ ಕಲ್ಲು ತೋರಿಸಿದರು. “ನಿಮ್ಮ ಮಠದ ಗದ್ದುಗೆ ಮೇಲೆ ನಾವು ಬಂದು ಶಿಲುಬೆ ನೆಟ್ರೆ ಸುಮ್ಮನಿರ್ತೀರಾ?”

ಅವರು ಹೇಳಿದ್ದು ನ್ಯಾಯ. ಶಾಂತವ್ವನವರಿಗೆ ಆ ಕ್ಷಣವೇ ಹೊಳೆಯಿತು: ಉಳಿಸಲು ಬಂದ ಕಲ್ಲನ್ನು ಕೀಳಲು ತಾವೇ ಕಾರಣ ಕೊಟ್ಟಂತಾಯಿತು.

“ತಪ್ಪಾತ್ರಿ” ಎಂದರು. ಒಂದೇ ಮಾತು. ಕೂತು, ಸೆರಗು ನೀರಿನಲ್ಲಿ ಅದ್ದಿ ವಿಭೂತಿ ಒರೆಸಿದರು. ಅಕ್ಷರದ ಸಂದಿಯಲ್ಲಿ ಉಳಿದದ್ದನ್ನು ತಲೆಯ ಪಿನ್ನು ತೆಗೆದು ಕೆರೆದರು. ಪತ್ರೆ, ಕಾಯಿಯ ಹೋಳು ಚೀಲಕ್ಕೆ ಹಾಕಿದರು. “ಗುರುವಿಗೆ ನಮ್ಮ ಕಡೆ ಹಿಂಗ ಮಾಡ್ತಾರ್ರಿ. ನಿಮ್ಮ ಕಡೆ ಹೆಂಗ ಅನ್ನೋದು ಹೇಳ್ರಿ, ಹಂಗ ಮಾಡ್ತೀನಿ. ಆದರ ಈ ಕಲ್ಲು ತಗೀಬ್ಯಾಡ್ರಿ.”

ಹಿರಿಯರು ಸ್ವಲ್ಪ ಇಳಿದರು. “ನೀವು ಇವರಿಗೆ ಏನಾಗಬೇಕು?”

“ನಾ ಆಕಿ ಕಡೆ ಕಲತಾಕಿ.”

“ತಾಯೀ, ಕಲಿತೋರು ಸಾವಿರ ಜನ ಇರ್ತಾರೆ. ಅವರನ್ನೆಲ್ಲಾ ವಾರಸುದಾರರು ಅಂತ ಒಪ್ಕೊಂಡ್ರೆ, ನಾಳೆ ಸತ್ತ ನಮ್ಮ ಬಡವರನ್ನ ಎಲ್ಲಿ ಹೂಳ್ಲಿ ಹೇಳಿ?”

“ಆ ಸಾವಿರ ಮಂದ್ಯಾಗ ಎಷ್ಟ ಮಂದಿ ಬಂದಾರ್ರಿ?”

ಹಿರಿಯರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು. “ಯಾರೂ ಬಂದಿಲ್ಲ.”

“ಈಗ ಒಬ್ಬಾಕಿ ಬಂದೀನಿ.”

“ಇದು ಸಭೆಯ ತೀರ್ಮಾನ. ನಾನೊಬ್ಬನೇ ಏನೂ ಮಾಡಕ್ಕಾಗಲ್ಲ.”

“ಹಂಗಾರ ಸಭಾದವರನ್ನ ಕರಸ್ರಿ. ನಾ ಇಲ್ಲೇ ಕುಂಡರ್ತೀನಿ.” ಶಾಂತವ್ವ ಕಲ್ಲಿನ ಪಕ್ಕ ಮಣ್ಣಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಒಂದನೇ ತರಗತಿಯ ಮಕ್ಕಳು ‘ಅ’ ತಿದ್ದಿ ಮುಗಿಸುವವರೆಗೆ ಅವರ ಪಕ್ಕದಲ್ಲಿ ಹೇಗೆ ಕೂರುತ್ತಿದ್ದರೋ ಹಾಗೆ. ಸಿಟ್ಟಿಲ್ಲ, ಅಳುವಿಲ್ಲ.

ಬಿಸಿಲು ಇಳಿಯಿತು. ಬೆಟ್ಟಯ್ಯ ಹಾರ್ನ್ ಹೊಡೆದ. ಮತ್ತೆ ಹೊಡೆದ. ಪ್ರಭಾ ಸಭೆಯ ಇನ್ನಿಬ್ಬರ ಮನೆಗೆ ಓಡಿದಳು, ಒಬ್ಬರು ಊರಲ್ಲಿರಲಿಲ್ಲ, ಇನ್ನೊಬ್ಬರು ‘ಹಿರಿಯರು ಹೇಳಿದಂತೆ ಆಗಲಿ’ ಎಂದರಂತೆ. ಹಿರಿಯರು ಒಳಗೆ ಹೋಗಿ ಬಂದರು. ಶಾಂತವ್ವ ಅಲ್ಲೇ ಇದ್ದರು. ದೇವಸಹಾಯ ಒಂದು ಲೋಟ ನೀರು ತಂದು ಕೊಟ್ಟ, ಕುಡಿದರು.

ಕೊನೆಗೆ ಗೇಟಿನ ಹತ್ತಿರ ಗುಡುಗು ಕೇಳಿತು. ಅನಂತಲಕ್ಷ್ಮಿಯವರು. ಒಳಗೆ ಕಾಲಿಡದೆ, ಸೀರೆಯ ನೆರಿಗೆ ಎತ್ತಿ ಹಿಡಿದು, ಕಂಬಿಯ ಆಚೆಯಿಂದ:

“ರೀ ಶಾಂತವ್ವಾ! ಅಲ್ಲಿ ಕಾರಂಜಿ ದೀಪ ಹಚ್ಚಿ ಆರ್ಸೂ ಬಿಡ್ತಾರೆ! ಏಳ್ತೀರೋ ಇಲ್ವೋ?”

“ಏಳಂಗಿಲ್ರಿ.”

ಅನಂತಲಕ್ಷ್ಮಿಯವರು ಹಿರಿಯರ ಕಡೆ ತಿರುಗಿದರು. “ಸ್ವಾಮೀ, ನೀವು ಯಾರೋ ಗೊತ್ತಿಲ್ಲ. ಒಂದು ಮಾತು ಹೇಳ್ತೀನಿ ಕೇಳಿ. ನಮ್ಮ ರಸ್ತೆಗೆ ನಲ್ಲಿ ಬರಲ್ಲ ಅಂದಾಗ ಈಯಮ್ಮ ಆಫೀಸಿನ ಬಾಗಿಲಲ್ಲಿ ಬಿಂದಿಗೆ ಇಟ್ಕೊಂಡು ಕೂತ್ರು. ಶಾಲೆ ಮುಗಿಸಿ ಬರೋರು, ಕೂರೋರು. ಇಂಜಿನಿಯರ್ ಸೋತ. ಇವರು ಏಳೋರಲ್ಲ. ಒಪ್ಕೊಂಡ್ಬಿಡಿ. ಬೆಳಿಗ್ಗೆಯಿಂದ ಕಾದಿದೀನಿ, ನಾನು ಕಾರಂಜಿ ನೋಡ್ಬೇಕು!”

ಹಿರಿಯರಿಗೆ ನಗು ಬಂತೋ ಸಾಕಾಯಿತೋ, ತಿಳಿಯದು. ಕೊಡೆ ಮಡಿಸಿ ಕಂಕುಳಲ್ಲಿಟ್ಟುಕೊಂಡು ಶಾಂತವ್ವನವರ ಎದುರು ಬಂದು ನಿಂತರು.

“ಕೇಳಿ. ನವೆಂಬರ್ ಎರಡನೇ ತಾರೀಖು ನಮ್ಮಲ್ಲಿ ಸತ್ತೋರನ್ನ ನೆನೆಯೋ ದಿನ. ಅವತ್ತು ಮನೆಯೋರು ಬಂದು ಗೋರಿ ತೊಳೆದು, ಹೂವಿಟ್ಟು, ಮೊಂಬತ್ತಿ ಹಚ್ತಾರೆ. ನೀವು ಬಂದ್ರೆ ಈ ಕಲ್ಲು ಮುಂದಿನ ನವೆಂಬರ್‌ವರೆಗೆ ಇರುತ್ತೆ. ನೀವೇ ಆಗ್ಬೇಕು ಅಂತಿಲ್ಲ, ಅವರ ಪರವಾಗಿ ಯಾರಾದ್ರೂ ಸರಿ. ಒಂದು ವರ್ಷ ತಪ್ಪಿದ್ರೂ ಕಲ್ಲು ಹೋಗುತ್ತೆ, ಆಮೇಲೆ ನನ್ನನ್ನ ಕೇಳ್ಬಾರದು. ವಿಭೂತಿ ಮಾತ್ರ ಬೇಡ.”

“ಬರ್ತೀನ್ರಿ” ಎಂದು ಶಾಂತವ್ವ ಎದ್ದರು.

ಬಸ್ಸು ಕನ್ನಂಬಾಡಿ ಮುಟ್ಟುವ ಹೊತ್ತಿಗೆ ಜನ ಹೊರಗೆ ಬರುತ್ತಿದ್ದರು. ಅನಂತಲಕ್ಷ್ಮಿಯವರು ಮದ್ದೂರಿನವರೆಗೆ ಶಾಂತವ್ವನವರ ಜೊತೆ ಮಾತಾಡಲಿಲ್ಲ. ಅದಕ್ಕೂ ಮುಂಚೆ ಶ್ರೀರಂಗಪಟ್ಟಣದ ಹೊಳೆಯ ಹತ್ತಿರ ಬಸ್ಸು ನಿಲ್ಲಿಸಿ, ಗೋರಿಗೆ ಹೋದವರೆಲ್ಲ ಇಳಿದು ಕಾಲು ತೊಳೆಯಲೇಬೇಕೆಂದರು. ಶಾಂತವ್ವ ವಾದ ಮಾಡದೆ ಇಳಿದು ತೊಳೆದರು.

ಆ ನವೆಂಬರಿನಲ್ಲಿ ಶಾಂತವ್ವ ಮೆಜೆಸ್ಟಿಕ್ಕಿನಿಂದ ಒಂಟಿಯಾಗಿ ಸರ್ಕಾರಿ ಬಸ್ಸು ಹತ್ತಿದರು. ಶಂಭುಲಿಂಗಪ್ಪನವರು ಸ್ಟ್ಯಾಂಡಿಗೆ ಬಂದು ಮುಖ ಊದಿಸಿಕೊಂಡು ನಿಂತು, ಬಸ್ಸು ಹೊರಡುವಾಗ ಕಿಟಕಿಗೆ ಬಂದು, “ಚಳಿ ಇರ್ತೈತಿ, ಶಾಲು ಹೊದಕೋ” ಎಂದರಂತೆ. ಮರುವರ್ಷವೂ ಹೋದರು, ಅದರ ಮರುವರ್ಷವೂ. ಹೋದಾಗಲೆಲ್ಲ ಮೊದಲು ಕಲ್ಲು, ಆಮೇಲೆ ಊರು. ಒಂದು ವರ್ಷ ಹಳೆಯ ಗ್ರಂಥಗಳ ಓಲೆಗರಿ ನೋಡಿಬಂದರು, ಒಂದು ವರ್ಷ ಬ್ರಿಟಿಷ್ ದಂಡಿನವರು ಕಟ್ಟಿಸಿದ ಚರ್ಚು. ಮರಳಿ ಒಂದನೇ ತರಗತಿಗೆ ಬಂದು ಮಕ್ಕಳಿಗೆ ಕಥೆ ಹೇಳಿದರು. ಹಿರಿಯರು ಕಳೆದ ವರ್ಷ ತಾವೇ ಮೊಂಬತ್ತಿ ತೆಗೆದಿಟ್ಟಿದ್ದರು. ಆದರೆ ಮಾತು ಮಾತೇ. ಅಕ್ಕಪಕ್ಕದ ಹಳೆಯ ಗೋರಿಗಳೆಲ್ಲ ಹೋದವು, ಅಲ್ಲಿ ಹೊಸ ಹೆಸರುಗಳು ಬಂದವು. ಆ ಮೂಲೆಯಲ್ಲಿ ಹಳೆಯದು ಇದೊಂದೇ ಉಳಿದಿದೆ.

ಈಗ ೧೯೭೮ರ ಅಕ್ಟೋಬರ್. ದಸರೆಗೆ ಮುಂಚೆ ಶಾಂತವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಮಂಚದಿಂದ ಏಳುವಂತಿಲ್ಲ. ಏಳೋದಿಲ್ಲ ಎಂದು ಹೆಸರು ಮಾಡಿದ ಹೆಂಗಸಿಗೆ ಏಳಲಾಗದಿರುವುದು ಎಂಥ ಶಿಕ್ಷೆ ಎಂದು ನೋಡಿದವರಿಗೆ ಗೊತ್ತು. ಪ್ರಭಾ ಮದುವೆಯಾಗಿ ಬಳ್ಳಾರಿಗೆ ಹೋದಳು, ಈಗ ತುಂಬು ಗರ್ಭಿಣಿ. ಅವಳ ಅಜ್ಜಿ ಈಗಿಲ್ಲ. ಮಕ್ಕಳಿಬ್ಬರೂ ಬಾಂಬೆಯಲ್ಲಿ. ಶಂಭುಲಿಂಗಪ್ಪನವರು ಹೆಂಡತಿಯನ್ನು ಎತ್ತಿ ಕೂರಿಸುವ ಕೆಲಸ ಬಿಟ್ಟು ಹೋಗುವಂತಿಲ್ಲ.

ಕಳೆದ ವಾರ ಅನಂತಲಕ್ಷ್ಮಿಯವರು ಹುಳಿಯನ್ನ ಹಿಡಿದು ನೋಡಲು ಹೋಗಿದ್ದರು. ಶಾಂತವ್ವ ಬೇರೆ ಏನನ್ನೂ ಕೇಳಲಿಲ್ಲ. “ಎರಡನೇ ತಾರೀಖು ಯಾರು ಹೋಗ್ತಾರ್ರಿ?” ಎಂದರು. ಅನಂತಲಕ್ಷ್ಮಿಯವರು ಹುಳಿಯನ್ನದ ಡಬ್ಬಿ ಕೆಳಗಿಟ್ಟು, “ಗೇಟಿನವರೆಗೆ ನಾನು ಬರ್ತೀನಿ ಕಣ್ರೀ. ಒಳಗೆ ಹೋಗೋರು ಯಾರಾದ್ರೂ ಇದ್ರೆ” ಎಂದರು. ನಾನು ಆ ಹೆಂಗಸನ್ನು ಬೈಯುವುದಿಲ್ಲ. ಎಪ್ಪತ್ತರ ಹತ್ತಿರದ ಮಡಿಹೆಂಗಸು ಗೇಟಿನವರೆಗೆ ಬರುತ್ತೇನೆ ಎಂದರೆ ಆಕೆ ನಮಗಿಂತ ಬಹಳ ದೂರ ಬಂದಹಾಗೆ.

ಬೈಸಿಕೊಳ್ಳಬೇಕಾದವರು ನಾವು. ಶಾಂತವ್ವನವರ ಮುಂದೆ ಸ್ಲೇಟು ಹಿಡಿದ ಹುಡುಗರು ಈಗ ಬ್ಯಾಂಕಿನಲ್ಲಿದ್ದೀರಿ, ಕಾರ್ಖಾನೆಯಲ್ಲಿದ್ದೀರಿ, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೀರಿ. ಹಣ್ಣು ತೆಗೆದುಕೊಂಡು ಹೋಗಿ ಅವರ ಕಾಲು ಮುಟ್ಟಿ ಬಂದಿದ್ದೀರಿ, ಕೇಳಿದ್ದೇನೆ. ಆ ಹಣ್ಣು ಅವರಿಗೆ ಬೇಡ. ನವೆಂಬರ್ ಎರಡನೇ ತಾರೀಖು ಗುರುವಾರ. ರಜೆ ಹಾಕಿ. ಹೂವು, ಮೊಂಬತ್ತಿ ಹಿಡಿದು ಮೈಸೂರಿಗೆ ಹೋಗಿ, ಕಲ್ಲು ತೊಳೆದು, ಹಿರಿಯರ ಮುಂದೆ ನಿಂತು ‘ಸುಗುಣಾಬಾಯಿಯವರ ಪರವಾಗಿ ಬಂದಿದ್ದೇವೆ’ ಎನ್ನಿ. ದಾರಿ ಶಾಂತವ್ವ ಹೇಳುತ್ತಾರೆ, ಅವರ ಮನೆ ನಿಮಗೆ ಗೊತ್ತು. ಅನಂತಲಕ್ಷ್ಮಿಯವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಗೇಟು ದಾಟಿ ಒಳಗೆ ಹೋಗಲು ನಿಮ್ಮಲ್ಲಿ ಒಬ್ಬರು ಬೇಕು. ನೀವು ಹೋಗುತ್ತೀರೋ ಇಲ್ಲವೋ, ಈ ಭಾನುವಾರದೊಳಗೆ ಶಾಂತವ್ವನವರ ಮನೆಗೆ ಹೋಗಿ ಅವರ ಮುಖ ನೋಡಿ ಹೇಳಿ.